ನಿಲ್ಲಿಸುವ ಕ್ರಮ

ಯಂತ್ರವನ್ನು ಎಬ್ಬಿಸುವುದು ಯಾರು ಬೇಕಾದರೂ ಮಾಡುವ ಕೆಲಸ. ಗುಂಡಿ ಒತ್ತಿದರೆ ಎದ್ದು ಕೂರುತ್ತದೆ. ಮಲಗಿಸುವುದಿದೆಯಲ್ಲ, ಎಲ್ಲರ ಬಂಡವಾಳ ಬಯಲಾಗುವುದು ಅಲ್ಲಿ. ಯಾರನ್ನು ಮೊದಲು ನಿಲ್ಲಿಸಬೇಕು, ಯಾರನ್ನು ಕೊನೆಗೆ, ಯಾರಿಗೆ ಹೇಳಿ ನಿಲ್ಲಿಸಬೇಕು, ಇಷ್ಟು ಗೊತ್ತಿಲ್ಲದವರು ಕಂಟ್ರೋಲ್ ರೂಮಿಗೆ ಕಾಲಿಡಬೇಡಿ ಎಂದು ಹೊಸಬರಿಗೆಲ್ಲ ನಾನು ಉಪದೇಶ ಮಾಡುತ್ತಿದ್ದೆ. ಎಲ್ಲರ ಮನೆ ದೋಸೆಯೂ ತೂತೇ ಎಂಬುದು ಯುಗಾದಿಯ ಹಿಂದಿನ ಆ ಶನಿವಾರ ನನಗೂ ಗೊತ್ತಾಯಿತು.

ನಮ್ಮದು ತುಮಕೂರಿನ ನೆನಪು ಕೇಂದ್ರ. ಮರೆವಿನ ಕಾಯಿಲೆ ಬಂದವರ ಕಿವಿಯ ಹಿಂದೆ, ಚರ್ಮದಡಿಯಲ್ಲಿ, ಒಂದು ಸಣ್ಣ ಸಾಧನವನ್ನು ಕೂರಿಸುತ್ತೇವೆ. ಸರ್ಕಾರ ಅದಕ್ಕೆ ಸ್ಮೃತಿವಾಹಕ ಎಂದು ಹೆಸರಿಟ್ಟಿತು. ಜನ ನೋಡಿದರು, ಹಿತಕಿದ ಅವರೆಕಾಳಿನ ಹಾಗಿದೆ ಎಂದರು, ಅವರೆಕಾಳು ಎಂಬ ಹೆಸರೇ ಉಳಿಯಿತು. ತಲೆ ಹಿಡಿದಿಡಲಾರದ್ದನ್ನು ಕಾಳು ನಮ್ಮ ಕೇಂದ್ರದ ಯಂತ್ರಕ್ಕೆ ಕಳಿಸುತ್ತದೆ, ಬೇಕೆಂದಾಗ ತರಿಸಿ ಕೊಡುತ್ತದೆ. ಒಬ್ಬೊಬ್ಬ ರೋಗಿಗೂ ಯಂತ್ರದೊಳಗೆ ಅವರದೇ ಒಂದು ಸೇವೆ, ಅಂದರೆ ಒಂದು ಪುಟ್ಟ ಪ್ರೋಗ್ರಾಂ, ಸದಾ ಓಡುತ್ತಿರುತ್ತದೆ. ಕಾಳು ಹಾಕಿಸಿಕೊಂಡ ಮುದುಕರು ಮೊಮ್ಮಕ್ಕಳನ್ನು ಮತ್ತೆ ಹೆಸರು ಹಿಡಿದು ಕರೆದರು. ಸೊಸೆಯರ ತಪ್ಪುಗಳನ್ನೂ ಮತ್ತೆ ನೆನಪಿಡತೊಡಗಿದರು ಅನ್ನಿ.

ಇದರಲ್ಲಿ ಒಂದೇ ತೊಡಕು. ಹೊಸ ನೆನಪುಗಳು ಯಂತ್ರದ ಮಡಿಲಲ್ಲೇ ಇರುತ್ತವೆ. ಅವು ಶಾಶ್ವತವಾದ ಪೆಟ್ಟಿಗೆಗೆ ಇಳಿಯಬೇಕಾದರೆ ಆ ಸೇವೆ ಒಮ್ಮೆ ಪೂರ್ತಿ ನಿಲ್ಲಬೇಕು. ಓಡುವ ಬಸ್ಸಿಗೆ ಚಕ್ರ ಬದಲಿಸಲಾಗುವುದಿಲ್ಲವಲ್ಲ, ಹಾಗೆ. ಅದಕ್ಕೇ ದಸರಾ ಮುಗಿದ ಮೇಲೊಮ್ಮೆ, ಯುಗಾದಿಗೆ ಮುಂಚೆ ಒಮ್ಮೆ ಇಡೀ ಕೇಂದ್ರವನ್ನು ನಿಲ್ಲಿಸಿ ಎಬ್ಬಿಸುತ್ತೇವೆ. ಜಿಲ್ಲೆಯಲ್ಲಿ ಎಲ್ಲರೂ ಅದನ್ನು ಬಂದ್ ಎನ್ನುತ್ತಾರೆ. ಬಂದ್ ದಿನ ಮನೆಯವರು ರಜೆ ಹಾಕಿ ಮುದುಕರ ಪಕ್ಕ ಕೂರುತ್ತಾರೆ. ಗ್ಯಾಸ್ ಆಫ್ ಮಾಡುತ್ತಾರೆ, ಗೇಟಿಗೆ ಬೀಗ ಹಾಕುತ್ತಾರೆ. ಸೇವೆಗೆ 'ನಿಲ್ಲು' ಎಂದು ಹೇಳಿದರೆ ಅದು ಎಲ್ಲವನ್ನೂ ಬರೆದಿಟ್ಟು ನಿಲ್ಲುತ್ತದೆ. ಹೇಳದೆ ಕತ್ತರಿಸಿದರೆ ಹಿಂದಿನ ಬಂದ್‌ನಿಂದ ಇಂದಿನವರೆಗಿನದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಆ ಶನಿವಾರ ಮಧ್ಯಾಹ್ನ ಮೂರಕ್ಕೆ ಬಂದ್. ಬೆಳಿಗ್ಗೆ ನಾನು ಓಡುತ್ತಿರುವ ಸೇವೆಗಳ ಹೆಸರುಗಳನ್ನೂ ಪ್ರತಿ ಸೇವೆಗೂ ಯಂತ್ರದ ಬಾಗಿಲಲ್ಲಿ ಇರಬೇಕಾದ ಗುರುತುಗಳನ್ನೂ ತಾಳೆ ಹಾಕುತ್ತಿದ್ದೆ. ಒಂದು ಹೆಸರಿಗೆ ಗುರುತಿರಲಿಲ್ಲ. ಸೇವೆ ಓಡುತ್ತಿದೆ, ಗುರುತಿಲ್ಲ. ಹೆಸರು ಓದಿದೆ. ಸಿದ್ಧಗಂಗಮ್ಮ, ಬಟವಾಡಿ. ನನ್ನ ಅತ್ತೆ.

ನಾನು ಕೈ ಸುಮ್ಮನಿಟ್ಟುಕೊಳ್ಳುವ ಹೆಂಗಸಲ್ಲ. ಪೆನ್ನಿನ ಕ್ಯಾಪು ಕಚ್ಚುತ್ತಲೇ ಮುನೀರಣ್ಣನನ್ನು ಕರೆದೆ. ಮುನೀರ್ ಪಾಷಾ ಚಿತ್ರದುರ್ಗದ ಹಳೆಯ ಕೇಂದ್ರದಲ್ಲಿ ಬಹಳ ವರ್ಷ ಇದ್ದು, ಅದು ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದವರು. ಪರದೆ ನೋಡಿದರು. ಟೋಪಿ ತೆಗೆದು ತಲೆ ಕೆರೆದುಕೊಂಡರು.

"ದಸರಾ ಬಂದ್ ಆದ್ಮೇಲೆ ನಿಮ್ಮ ಅತ್ತೇದು ಎದ್ದಿರಲಿಲ್ಲ, ಜ್ಞಾಪಕ ಐತಾ ಮೇಡಂ?"

ಇಲ್ಲದೆ ಏನು? ಅವತ್ತು ನಾನು ರಜೆ ಹಾಕಿ ಅತ್ತೆಯ ಪಕ್ಕ ಕೂತಿದ್ದೆ. ಎಲ್ಲರ ಮನೆಯಲ್ಲೂ ಮುದುಕರು ಎದ್ದು ಕಾಫಿ ಕೇಳುತ್ತಿರುವಾಗ ನಮ್ಮತ್ತೆ ಮಾತ್ರ ಗೋಡೆ ನೋಡುತ್ತಿದ್ದರು. ನಾನು ಫೋನಿನಲ್ಲಿ ಮುನೀರಣ್ಣನ ಮೇಲೆ ಅರಚಾಡಿದ್ದೆ.

"ನೀವು ಕೂಗಾಡ್ತಿದ್ರಿ. ನಾನು ಸ್ಕ್ರಿಪ್ಟ್ ಗಿಪ್ಟ್ ಏನೂ ನೋಡ್ಲಿಲ್ಲ, ಕೈಯಿಂದಲೇ ಸೀದಾ ಎಬ್ಬಿಸಿಬಿಟ್ಟೆ."

ಸ್ಕ್ರಿಪ್ಟ್ ಎಂದರೆ ಯಂತ್ರಕ್ಕೆ ಬರೆದಿಟ್ಟ ಆಜ್ಞೆಗಳ ಸರಪಳಿ. ಏಳುವಾಗ ಏನೇನು ಮಾಡಬೇಕು, ನಿಲ್ಲುವಾಗ ಏನೇನು ಎಂದು ಪ್ರತಿ ಸೇವೆಗೂ ಒಂದಿರುತ್ತದೆ. ದುರ್ಗದ ಯಂತ್ರವೂ ನಮ್ಮದೂ ಯುನಿಕ್ಸ್ ಎಂಬ ಹಳೆಯ ತಂತ್ರಾಂಶದ ವಂಶದವೇ. ಅಣ್ಣತಮ್ಮಂದಿರ ಮಕ್ಕಳು. ಕುಲ ಒಂದೇ, ಆಚಾರ ಮಾತ್ರ ಮನೆ ಮನೆಗೂ ಬೇರೆ. ಒಂದು ಮನೆಯ ಆಚಾರವನ್ನು ಇನ್ನೊಂದು ಮನೆಯಲ್ಲಿ ಮಾಡಿದರೆ ಏನಾಗುತ್ತದೆ ಎಂಬುದನ್ನು ಸೊಸೆಯರಿಗೆ ಹೇಳಬೇಕಾಗಿಲ್ಲ.

"ನಮ್ಮ ದುರ್ಗದ ಮಿಷಿನ್ನು ಹಳೇ ಕಾಲದ ಯಜಮಾನರ ಥರ ಮೇಡಂ," ಅಂದರು ಮುನೀರಣ್ಣ. "ಬೀಗ ಹಾಕೋ ಮುಂಚೆ ಒಂದೊಂದು ರೂಮಿಗೂ ಹೋಗಿ, ಯಾರ್ರಪ್ಪಾ ಒಳಗೆ, ಹೊರಡ್ರಿ ಅಂತ ಕೂಗ್ತಿತ್ತು. ಒಳಗೆ ಯಾರೂ ಇಲ್ದಿದ್ರೂ ಕೂಗ್ತಿತ್ತು. ಇದು ಹಂಗಲ್ಲ. ಬಾಗಿಲಲ್ಲಿ ಚಪ್ಪಲಿ ಐತಾ ಅಂತ ನೋಡ್ತದೆ. ಐತೆ ಅಂದ್ರೆ ಕೂಗ್ತದೆ. ಇಲ್ಲ ಅಂದ್ರೆ ಒಳಗೆ ಯಾರೂ ಇಲ್ಲ ಅಂತ ಮುಂದಿನ ರೂಮಿಗೆ ಹೋಗ್ತದೆ. ಸ್ಕ್ರಿಪ್ಟ್ ಮೂಲಕ ಎದ್ದೋರ ಚಪ್ಪಲೀನ ಸ್ಕ್ರಿಪ್ಟೇ ಬಾಗಿಲಲ್ಲಿ ಇಡ್ತದೆ. ಕೈಯಿಂದ ಎಬ್ಬಿಸಿದ್ರೆ ನಾವೇ ಇಡಬೇಕು. ದುರ್ಗದಲ್ಲಿ ಆ ಅಭ್ಯಾಸವೇ ಇರಲಿಲ್ಲ. ತಪ್ಪು ನಂದೇ."

ಬೈಯಲು ಬಾಯಿ ತೆರೆದೆ. ಅವತ್ತು ಬೊಬ್ಬೆ ಹಾಕಿ ಅವರನ್ನು ಗಡಿಬಿಡಿಗೆ ತಳ್ಳಿದ್ದು ನಾನೇ ಎಂದು ನೆನಪಾಗಿ ಮುಚ್ಚಿದೆ. ಚಪ್ಪಲಿ ಎಂದು ಅವರು ಹೇಳಿದ್ದು ಒಂದು ಖಾಲಿ ಕಡತ, ಅಷ್ಟೇ. ಒಳಗೆ ಒಂದಕ್ಷರವೂ ಇಲ್ಲ. ಹೆಸರೊಂದೇ. ಗುರುತಿಲ್ಲದ ಸೇವೆಗಳಿಗೆ ಯಂತ್ರ ಕೊನೆಗೆ ಒಂದೇ ಒಂದು ಸಲ 'ಎಲ್ಲರೂ ಹೊರಡಿ' ಎನ್ನುತ್ತದೆ, ಎರಡು ಉಸಿರಿನಷ್ಟು ಕಾಯುತ್ತದೆ, ಆಮೇಲೆ ಕತ್ತರಿಸುತ್ತದೆ. ಆರು ತಿಂಗಳನ್ನು ಎರಡು ಉಸಿರಿನಲ್ಲಿ ಬರೆಯಲು ಬ್ರಹ್ಮನಿಗೂ ಆಗದು.

"ಹಾಕಿಬಿಡಿ ಮೇಡಂ ಒಂದು ಖಾಲಿ ಗುರುತು. ಯಾರಿಗೆ ಗೊತ್ತಾಗ್ತದೆ?"

ಗೊತ್ತಾಗುತ್ತದೋ ಇಲ್ಲವೋ, ನಮ್ಮಲ್ಲಿ ನಿಯಮ ಕಟ್ಟುನಿಟ್ಟು. ಹಿಂದೆ ಬೇರೊಂದು ಊರಿನಲ್ಲಿ ಒಬ್ಬ ಮಹಾಶಯ ಆಸ್ತಿಯ ಆಸೆಗೆ ತಾಯಿಯ ನೆನಪಿನಿಂದ ತಂಗಿಯನ್ನೇ ಅಳಿಸಿಹಾಕಿಸಿದ್ದ. ಅಂದಿನಿಂದ ಓಡುತ್ತಿರುವ ಸೇವೆಗೆ ಸಂಬಂಧಪಟ್ಟ ಏನನ್ನು ಮುಟ್ಟಬೇಕಾದರೂ ಮನೆಯ ಹೊಣೆಗಾರರು ಕೇಂದ್ರದ ಫೋನಿನಲ್ಲಿ ತಮ್ಮ ಬಾಯಿಂದ ಒಪ್ಪಿಗೆ ಹೇಳಬೇಕು. ರೋಗಿಯ ಮಾತು ನಡೆಯುವುದಿಲ್ಲ. ಕೇಂದ್ರದಲ್ಲಿ ಕೆಲಸ ಮಾಡುವ ಸೊಸೆಯ ಮಾತಂತೂ ಮೊದಲೇ ನಡೆಯುವುದಿಲ್ಲ. ಅತ್ತೆಗೆ ಹೊಣೆಗಾರ ನನ್ನ ಗಂಡ ರೇಣುಕಪ್ರಸಾದ.

ಇದೇನು ಮಹಾ, ಒಂದು ನಿಮಿಷದ ಕೆಲಸ ಎಂದುಕೊಂಡು ಫೋನ್ ಮಾಡಿದೆ. ವಿಷಯವೆಲ್ಲ ಹೇಳಿದೆ.

"ಅಂದ್ರೆ ಏನೂ ಮಾಡದೆ ಬಿಟ್ರೆ ದಸರಾ ಆದ್ಮೇಲಿಂದು ಅಮ್ಮನಿಗೆ ಏನೂ ನೆನಪಿರಲ್ಲ?"

"ಇರಲ್ಲ."

"ಶಂಭು ಹೋಗಿದ್ದೂ?"

"ಅದೂ ಇರಲ್ಲ."

"ಹಂಗಾದ್ರೆ ಬಿಟ್ಬಿಡು ದಾಕ್ಷಿ."

ಶಂಭುಲಿಂಗ ನನ್ನ ಭಾವ. ಬೋರ್‌ವೆಲ್ ಲಾರಿ ಇಟ್ಟುಕೊಂಡು ಊರೂರು ಸುತ್ತುತ್ತಿದ್ದವರು. ಅಮ್ಮನ ತಲೆಗೆ ಮಿಷಿನ್ ಕಟ್ಟಬೇಡ ಎಂದು ಅವರೂ, ಕಟ್ಟದಿದ್ದರೆ ಅಮ್ಮನೇ ಇರುವುದಿಲ್ಲ ಎಂದು ಇವರೂ ಜಗಳವಾಡಿ ಮಾತು ಬಿಟ್ಟಿದ್ದರು. ದೀಪಾವಳಿಗೆ ಅಣ್ಣನನ್ನು ಕರೆಯೋಣ ಎಂದು ನಾನು ಹೇಳಿದೆ. ಬೇಕಾದರೆ ಅವನೇ ಬರಲಿ ಎಂದರು ಇವರು. ಹಬ್ಬದ ದಿನ ಮನೆಯಲ್ಲಿರಬೇಕಾದ ಭಾವ ಕೆಲಸ ಹಿಡಿದು ಹೊರಟರು. ಶಿರಾ ದಾಟಿದ ಮೇಲೆ ಲಾರಿ ಮಗುಚಿತು. ಮಣ್ಣು ಮಾಡುವಾಗ ಅತ್ತೆ ಎಲ್ಲರೆದುರು ನನ್ನ ಗಂಡನ ಕಡೆ ಕೈ ತೋರಿಸಿ, "ಹಬ್ಬಕ್ಕೆ ಕರೆದಿದ್ರೆ ನನ್ನ ಮಗ ಉಳೀತಿದ್ದ. ನೀನೇ ಕೊಂದೆ" ಅಂದಿದ್ದರು.

ಅಂದಿನಿಂದ ಇವರು ತಾಯಿಯ ಎದುರು ಕೂತು ಉಂಡವರಲ್ಲ. ಪಾಲಿಟೆಕ್ನಿಕ್‌ನಿಂದ ಕೆಲಸ ಮುಗಿಸಿ ಬಂದವರೇ ರೂಮು ಸೇರುತ್ತಾರೆ. ಆದ್ದರಿಂದ 'ಬಿಟ್ಬಿಡು' ಎಂದದ್ದು ತಾಯಿಯ ದುಃಖ ಕಳೆಯಲಿ ಎಂದೋ, ತನ್ನ ಮೇಲಿನ ಆ ಮಾತು ಅಳಿದುಹೋಗಲಿ ಎಂದೋ, ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿತ್ತೆಂದು ನನಗೆ ಅನ್ನಿಸುವುದಿಲ್ಲ. ನನಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಯ್ಯೋ ಪಾಪ ಎಂತಲೂ ಅನ್ನಿಸಿತು. ಕೂತಲ್ಲಿ ಕೂರಲಾಗದೆ ಸ್ಕೂಟರ್ ತೆಗೆದು ಮನೆಗೆ ಹೊರಟೆ.

ಅತ್ತೆ ಅಡುಗೆಮನೆಯಲ್ಲಿ ಕೂತು ಹುರುಳಿಕಾಳಿನ ಬಸ್ಸಾರಿಗೆ ಉಪ್ಪು ನೋಡುತ್ತಿದ್ದರು. ಹಣೆಯಲ್ಲಿ ವಿಭೂತಿ ಇನ್ನೂ ಹಸಿಯಾಗಿತ್ತು. ನನ್ನ ಗಂಡ ಬಂದ್‌ಗಾಗಿ ರಜೆ ಹಾಕಿದ್ದರೂ ಹೊರಗೆ ಮೆಟ್ಟಿಲ ಮೇಲೆ ಪೇಪರ್ ಹಿಡಿದು ಕೂತಿದ್ದರು. ಪೇಪರ್ ತಲೆಕೆಳಗಾಗಿರಲಿಲ್ಲ ಅನ್ನುವುದೊಂದೇ ಸಮಾಧಾನ.

"ಬಂದ್ ದಿನ ಕೆಲ್ಸ ಬಿಟ್ಟು ಬಂದೀಯಲ್ಲ, ಏನಾಯ್ತು ಕಣವ್ವ?" ಎಂದರು ಅತ್ತೆ.

ಯೋಚಿಸಿ ಹೇಳೋಣವೆಂದುಕೊಂಡೇ ಬಂದಿದ್ದೆ. ಆದರೆ ನನ್ನ ನಾಲಿಗೆ ನನಗಿಂತ ಒಂದು ಹೆಜ್ಜೆ ಮುಂದೆ. ಎಲ್ಲ ಹೇಳಿಬಿಟ್ಟೆ. ಗುರುತು ಇಲ್ಲದ್ದು, ಹಾಗೇ ಬಿಟ್ಟರೆ ಏನಾಗುವುದು, ಮಗ ಬೇಡ ಎಂದದ್ದು. ನನ್ನ ಗಂಡ ಪೇಪರ್ ಎಸೆದು ಒಳಗೆ ಬಂದರು.

"ನಿಂಗೆ ಬುದ್ಧಿ ಇದೆಯಾ ದಾಕ್ಷಿ? ಇದನ್ನ ಅವರ ಹತ್ರ ಹೇಳೋದಾ?"

"ಅವರ ನೆನಪು. ಅವರ ಹತ್ರ ಹೇಳದೆ ಪಕ್ಕದ ಮನೆಯವರ ಹತ್ರ ಹೇಳ್ಲಾ?"

ಅತ್ತೆ ಸೌಟು ಕೆಳಗಿಟ್ಟರು. ಸೆರಗಿನಿಂದ ಕೈ ಒರೆಸಿಕೊಂಡರು. ಅವರಿಗೆ ಅರ್ಥವಾಗಲು ಹೊತ್ತು ಹಿಡಿಯುತ್ತದೆ ಎಂದುಕೊಂಡಿದ್ದೆ. ಹಿಡಿಯಲಿಲ್ಲ.

"ನೆನಪು ಹೋದ್ಮೇಲೆ ನಾನು ಶಂಭು ಎಲ್ಲಿ ಅಂತ ಕೇಳ್ತೀನಲ್ಲ, ಆಗ ಏನಂತೀಯ?" ಎಂದು ಮಗನನ್ನು ಕೇಳಿದರು. ಮಣ್ಣು ಮಾಡಿ ಬಂದ ಮೇಲೆ ತಾಯಿ ಮಗ ನೇರವಾಗಿ ಮಾತಾಡಿದ್ದು ಅದೇ ಮೊದಲಿರಬೇಕು.

"ಏನೋ ಒಂದು ಹೇಳ್ತೀನಿ ಅಮ್ಮ. ಕೆಲಸದ ಮೇಲೆ ದೂರ ಹೋಗಿದಾನೆ ಅಂತೀನಿ. ನೀನು ದಿನಾ ಅಳೋದು ನನ್ನ ಕೈಲಿ ನೋಡಕ್ಕಾಗಲ್ಲ."

"ಹಂಗಂದ್ರೆ ಅವನು ಸತ್ತೋದ ಮಗ ಆಗಕ್ಕಿಲ್ಲ ಕಣಪ್ಪ. ಹೆತ್ತ ತಾಯಿನ ನೋಡಕ್ಕೆ ಬರ್ದೇ ಇರೋ ಮಗ ಆಗ್ತಾನೆ. ನಿಜ ಹೇಳ್ತೀನಿ ಅಂದ್ರೆ ಇನ್ನೊಂದ್ ಸಲ ಸಾಯ್ತಾನೆ. ಎರಡರಾಗೆ ಯಾವ್ದು ಮಾಡ್ತೀಯೋ ಮಾಡು. ನನ್ನ ಮಾತು ಸರ್ಕಾರದಾಗೆ ನಡೆಯಕ್ಕಿಲ್ಲವಂತಲ್ಲ."

ಅಷ್ಟು ಹೇಳಿ ಮುದ್ದೆ ಮಾಡಲು ಎದ್ದರು. ನನ್ನ ಗಂಡ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗಿನಿಂದ ಎರಡು ಸಲ ತಟ್ಟಿದೆ. "ಹೋಗು, ನಿಂಗೆ ಹೊತ್ತಾಗುತ್ತೆ" ಎಂದರು. ಒಪ್ಪಿಗೆ ಎನ್ನಲಿಲ್ಲ. ನಾನು ನಿಂತಲ್ಲೇ ಎರಡು ತುತ್ತು ನುಂಗಿ ಮತ್ತೆ ಸ್ಕೂಟರ್ ಹತ್ತಿದೆ. ದಾರಿಯಲ್ಲಿ ಬಟವಾಡಿ ಸರ್ಕಲ್ಲಿನ ಸಿಗ್ನಲ್ಲು ಕೆಂಪಿದ್ದದ್ದನ್ನೂ ನೋಡಲಿಲ್ಲ.

ಕಂಟ್ರೋಲ್ ರೂಮಿನಲ್ಲಿ ಎಲ್ಲ ಸಿದ್ಧವಾಗಿತ್ತು. ಬಂದ್ ಮುಂದೂಡಿ ಎಂದು ಕೇಳುವಂತಿರಲಿಲ್ಲ. ಯಂತ್ರ ತಂಪಾಗಿಡುವ ಪಂಪು ಆಗಲೇ ಕೆಮ್ಮುತ್ತಿತ್ತು, ಅದನ್ನು ಬದಲಿಸದೆ ಬಿಟ್ಟರೆ ಜಿಲ್ಲೆಯ ಎಲ್ಲ ಮುದುಕರೂ ಒಂದೇ ಸಲ ಗೋಡೆ ನೋಡಬೇಕಾಗಿತ್ತು. ಮೂರಕ್ಕೆ ನಾನೇ ಆಜ್ಞೆ ಕೊಟ್ಟೆ.

ನಿಲ್ಲಿಸುವ ಕ್ರಮ ಎಬ್ಬಿಸುವ ಕ್ರಮಕ್ಕೆ ತಿರುವುಮುರುವು. ಏಳುವಾಗ ಮೊದಲು ಪೆಟ್ಟಿಗೆ, ಆಮೇಲೆ ಒಬ್ಬೊಬ್ಬರ ನೆನಪು, ಕೊನೆಗೆ ಕಿವಿಯ ಕಾಳಿಗೆ ಹೋಗುವ ದಾರಿ. ನಿಲ್ಲುವಾಗ ಮೊದಲು ಆ ದಾರಿ ಮುಚ್ಚುತ್ತದೆ. ಅಂದರೆ ಯಂತ್ರದೊಳಗೆ ನೆನಪು ಇನ್ನೂ ಓಡುತ್ತಿರುವಾಗಲೇ ಮನೆಯಲ್ಲಿ ಕೂತ ಮನುಷ್ಯರಿಗೆ ಅದು ನಿಂತುಹೋಗಿರುತ್ತದೆ. ಆಮೇಲೆ ನೆನಪಿನ ಸೇವೆಗಳು ಒಂದೊಂದಾಗಿ, ತಾಲ್ಲೂಕಿನ ಪ್ರಕಾರ, ಅದರೊಳಗೆ ಸೇರಿದ ಸಂಖ್ಯೆಯ ಪ್ರಕಾರ, ನಿಲ್ಲುತ್ತ ಹೋಗುತ್ತವೆ. ತುಮಕೂರು ನಗರ ಕೊನೆಗೆ, ಅದರಲ್ಲೂ ಅತ್ತೆ ತಡವಾಗಿ ಸೇರಿದವರು, ಅವರ ಸರದಿ ಸಾಲಿನ ತುದಿಯಲ್ಲಿ.

'ಕಿವಿಯ ದಾರಿ, ನಿಂತಿತು' ಎಂದು ಪರದೆ ಹೇಳಿತು.

ಆಮೇಲೆ ಹೆಸರುಗಳು ಬರತೊಡಗಿದವು. ಗುಬ್ಬಿಯ ಮರುಳಸಿದ್ದಪ್ಪ, ನಿಲ್ಲುತ್ತಿದೆ, ಸರಿ. ಕುಣಿಗಲ್‌ನ ಹುಚ್ಚಮ್ಮ, ನಿಲ್ಲುತ್ತಿದೆ, ಸರಿ. ಒಂದೊಂದು 'ಸರಿ' ಬಂದಾಗಲೂ ಯಾವುದೋ ಮನೆಯ ಆರು ತಿಂಗಳು ಭದ್ರವಾಯಿತು ಎಂದು ಅರ್ಥ. ಬೇರೆ ದಿನ ಇದನ್ನು ನೋಡಿದರೆ ನನಗೆ ಮಕ್ಕಳನ್ನು ಹೊದಿಸಿ ಮಲಗಿಸಿದ ಹಾಗೆ ಸಮಾಧಾನವಾಗುತ್ತಿತ್ತು. ಅವತ್ತು ಕುರ್ಚಿಯಲ್ಲಿ ಮುಳ್ಳು ಬೆಳೆದಿತ್ತು. ಎದ್ದೆ, ಕೂತೆ, ನೀರು ಕುಡಿದೆ, ಮತ್ತೆ ಎದ್ದೆ.

"ಮೇಡಂ, ಬರೋದು ನನ್ನ ತಲೆಗೆ ಬರ್ಲಿ, ನಾನೇ ಹಾಕ್ಲಾ?" ಎಂದರು ಮುನೀರಣ್ಣ.

ಬೇಡ ಎಂದೆ. ಬೇಡ ಎನ್ನುವಾಗ ನನ್ನ ಬೆರಳು ಕೀಲಿಗಳ ಮೇಲೇ ಇತ್ತು. ಕದ್ದು ಉಳಿಸಿದರೆ ನಮ್ಮತ್ತೆಯ ನೆನಪು ಉಳಿಯುತ್ತದೆ, ನಿಜ. ಆದರೆ ನಾಳೆಯಿಂದ ನನ್ನ ಗಂಡ ತಾಯಿಯ ಮುಖವನ್ನೂ ನೋಡಲಾರರು, ನನ್ನ ಮುಖವನ್ನೂ ನೋಡಲಾರರು. ಬಿಟ್ಟರೆ ಅತ್ತೆಯ ಮುಖ ನಾನು ನೋಡಲಾರೆ. ಇಬ್ಬರಲ್ಲಿ ಯಾರಿಗೆ ದ್ರೋಹ ಮಾಡಲಿ ಎಂದು ಯಾವ ಸ್ಕ್ರಿಪ್ಟಿನಲ್ಲೂ ಬರೆದಿರುವುದಿಲ್ಲ.

ಪಾವಗಡದವರು ಮುಗಿದರು, ಮಧುಗಿರಿಯವರು ಶುರುವಾದರು. ಕೇಂದ್ರದ ಫೋನ್ ಹೊಡೆದುಕೊಂಡಿತು.

"ದಾಕ್ಷಿ." ನನ್ನ ಗಂಡ. ಏದುಸಿರು. "ಅಮ್ಮ ಹೊಸ್ತಿಲ ಮೇಲೆ ಕೂತಿದಾರೆ. ಒಳಗೆ ಬಾ ಅಂದ್ರೆ ಬರ್ತಿಲ್ಲ."

ಹಿಂದಿನಿಂದ ಅತ್ತೆಯ ದನಿ ಕೇಳುತ್ತಿತ್ತು. ಅದು ಬೆಳಿಗ್ಗೆಯ ದನಿಯಲ್ಲ. ಕಾಳು ಹಾಕಿಸುವ ಮುಂಚಿನ, ದಾರಿ ತಪ್ಪಿದವರ ದನಿ.

"ಶಂಭೂದ್ ಚಪ್ಪಲಿ ಇಲ್ವಲ್ಲ. ರೇಣುಕಂದೈತೆ, ನಂದೈತೆ. ಶಂಭೂದಿಲ್ಲ. ಇನ್ನೂ ಬಂದಿಲ್ಲ ಅವ್ನು."

"ಬರ್ತಾನೆ ಅಮ್ಮ," ಎಂದರು ನನ್ನ ಗಂಡ, ಫೋನಿನಿಂದ ಮುಖ ತಿರುಗಿಸಿ.

"ಎಲ್ ಬರ್ತಾನೆ? ಬರೋ ಮಗ ಆಗಿದ್ರೆ ಇಷ್ಟೊತ್ತಿಗೆ ಬರ್ತಿರ್ಲಿಲ್ವಾ? ಹಬ್ಬ ಹತ್ರಕ್ಕೆ ಬಂತು, ಅವ್ವ ಇದ್ದಾಳೋ ಸತ್ತಾಳೋ ಅಂತ ಒಂದ್ ಮಾತಿಲ್ಲ. ಮೊದ್ಲಿಂದ್ಲೂ ಕಲ್ಲು ಕಣೋ ಅವ್ನು. ನೀನೇ ವಾಸಿ. ನೀನಾದ್ರೂ ಇದೀಯ. ಅವನಿಗೆ ಹೆತ್ತೋಳು ಬ್ಯಾಡ, ತಮ್ಮ ಬ್ಯಾಡ..."

ಪರದೆಯ ಮೇಲೆ ಮಧುಗಿರಿಯವರ ಹೆಸರುಗಳು ಇಳಿಯುತ್ತಿದ್ದವು. ಫೋನಿನ ಆ ಕಡೆ ನನ್ನ ಗಂಡ ಅಳುತ್ತಿದ್ದರು. ಮಣ್ಣು ಮಾಡಿದ ದಿನವೂ ಅಳದೆ ಇದ್ದ ಮನುಷ್ಯ.

"ಬೈತಿದಾರೆ ದಾಕ್ಷಿ ಅವನನ್ನ. ನನ್ನ ಹೊಗಳಿ ಅವನನ್ನ ಬೈತಿದಾರೆ. ಅವನು ಬರ್ಲಿಲ್ಲ ಅಂತ. ಕರೀದೆ ಇದ್ದವನು ನಾನು. ಹಾಕು. ಆ ಗುರುತು ಏನಿದೆಯೋ ಹಾಕು, ಬೇಗ."

ನಾನೂ ಅಳುವುದರಲ್ಲಿದ್ದೆ. ಆದರೆ ನಿಯಮ ನಿಯಮವೇ, ಮಾತು ದಾಖಲಾಗಬೇಕು.

"ನಿಮ್ಮ ಹೆಸರು ಹೇಳಿ," ಎಂದೆ.

"ದಾಕ್ಷಿ, ನಾನು ಕಣೇ."

"ಹೆಸರು ಹೇಳಿ ಅಂದೆ."

"ರೇಣುಕಪ್ರಸಾದ."

"ರೋಗಿಗೆ ನೀವು ಏನಾಗಬೇಕು?"

"ಮಗ," ಎಂದರು. ಆಮೇಲೆ ತಾವೇ ತಿದ್ದಿ, "ಚಿಕ್ಕ ಮಗ," ಎಂದರು.

"ಅವರ ಸೇವೆಗೆ ಗುರುತು ಹಾಕೋಕೆ ಒಪ್ಪಿಗೆ ಇದೆಯಾ?"

"ಇದೆ. ಎಲ್ಲ ಉಳೀಲಿ. ನಂಗೆ ಅಂದಿದ್ದೂ ಉಳೀಲಿ."

ಒಂದು ಸಾಲು ಬರೆದು ಕೀಲಿ ಒತ್ತಿದೆ. ಬಾಗಿಲಲ್ಲಿ ಒಂದು ಖಾಲಿ ಕಡತ ಹುಟ್ಟಿತು. ತೂಕವಿಲ್ಲ, ಒಳಗೆ ಏನಿಲ್ಲ. ತಡವಾಯಿತೇನೋ ಎಂದು ಪರದೆ ನೋಡಲು ಧೈರ್ಯವಾಗದೆ ಮುನೀರಣ್ಣನ ಮುಖ ನೋಡುತ್ತ ನಿಂತೆ. ಮಧುಗಿರಿಯವರು ಮುಗಿದರು. ತುಮಕೂರು ನಗರದವರು ಬಂದರು. ಮುನೀರಣ್ಣ ಗಟ್ಟಿಯಾಗಿ ಓದಿದರು.

"ಸಿದ್ಧಗಂಗಮ್ಮ, ಬಟವಾಡಿ. ನಿಲ್ಲುತ್ತಿದೆ."

ಅಲ್ಲಿಗೆ ನಿಂತಿತು. 'ಸರಿ' ಬರಲಿಲ್ಲ. ಉಳಿದವರಿಗೆಲ್ಲ ಮೂರು ಎಣಿಸುವಷ್ಟರಲ್ಲಿ ಬಂದಿದ್ದ ಮಾತು ಅತ್ತೆಗೆ ಬರಲಿಲ್ಲ. ಕೈಯಿಂದ ಎಬ್ಬಿಸಿದ್ದಕ್ಕೆ ಸ್ಕ್ರಿಪ್ಟು ಅದನ್ನು ಗುರುತು ಹಿಡಿಯಲಿಲ್ಲವೋ ಏನೋ ಎಂದು ನಾನು ಇರುವ ದೇವರುಗಳನ್ನೆಲ್ಲ ನೆನೆದೆ. ಮುನೀರಣ್ಣ ತಮ್ಮ ದೇವರನ್ನು ನೆನೆಯುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು.

"ಬರೀತಾ ಇದೆ ಮೇಡಂ," ಎಂದರು ಕೊನೆಗೆ. "ನೋಡಿ, ಪೆಟ್ಟಿಗೆ ದೀಪ ಮಿಣುಕ್ತಾ ಐತೆ. ದುಃಖ ಜಾಸ್ತಿ ಇದ್ದೋರಿಗೆ ಬರೆಯೋದೂ ಜಾಸ್ತಿ ಇರ್ತದೋ ಏನೋ."

ಹಾಗೇನೂ ಇಲ್ಲ, ಅದು ತಾಂತ್ರಿಕವಾಗಿ ಶುದ್ಧ ತಪ್ಪು. ಆದರೂ ಅವತ್ತು ನಾನು ತಿದ್ದಲಿಲ್ಲ. ಸ್ವಲ್ಪ ಹೊತ್ತಿಗೆ 'ಸರಿ' ಬಂತು. ಮುನೀರಣ್ಣ ಟೋಪಿ ಹಾಕಿಕೊಂಡರು.

ಪಂಪು ಬದಲಾಯಿತು. ಯಂತ್ರ ಎಬ್ಬಿಸಿದೆವು. ಈ ಸಲ ಯಾರನ್ನೂ ಕೈಯಿಂದ ಎಬ್ಬಿಸಲಿಲ್ಲ. ಮೊದಲು ಪೆಟ್ಟಿಗೆ, ಆಮೇಲೆ ಒಬ್ಬೊಬ್ಬರ ನೆನಪು, ಕೊನೆಗೆ ಕಿವಿಯ ದಾರಿ. ಬಾಗಿಲಲ್ಲಿ ಗುರುತುಗಳೆಲ್ಲ ಇವೆಯೇ ಎಂದು ನಾನೂ ನೋಡಿದೆ, ಮುನೀರಣ್ಣನೂ ನೋಡಿದರು, ಮತ್ತೆ ನಾನು ನೋಡಿದೆ. ಅತ್ತೆಯದಿತ್ತು. ಉಳಿದ ಕೆಲಸ ಅವರಿಗೊಪ್ಪಿಸಿ, ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಮನೆ ಸೇರಿದೆ.

ಹೊಸ್ತಿಲ ಹೊರಗೆ ಅತ್ತೆಯ ಚಪ್ಪಲಿ ಇತ್ತು, ನನ್ನ ಗಂಡನ ಚಪ್ಪಲಿ ಇತ್ತು. ನನ್ನವನ್ನೂ ಪಕ್ಕಕ್ಕೆ ಬಿಟ್ಟೆ. ಒಳಗೆ ತಾಯಿ ಮಗ ಎದುರುಬದುರು ನೆಲದ ಮೇಲೆ ಕೂತಿದ್ದರು. ಅವರ ನಡುವೆ ಊಟದ ತಟ್ಟೆ ಒಂದಿತ್ತು, ಬಡಿಸಿದ್ದು ಹಾಗೇ ಆರಿತ್ತು. ಬಂದ್ ಹೊತ್ತಿನಲ್ಲಿ ಶಂಭು ಬಂದರೆ ಹಸಿದಿರುತ್ತಾನೆಂದು ಅತ್ತೆ ಹಟ ಹಿಡಿದು ಬಡಿಸಿಟ್ಟಿದ್ದರಂತೆ. ಈಗ ಅವರ ಕಣ್ಣಲ್ಲಿ ಎಲ್ಲ ಇತ್ತು. ಆ ತಟ್ಟೆ ಯಾರಿಗೆಂದೂ ಗೊತ್ತಿತ್ತು, ಅವನು ಬರುವುದಿಲ್ಲವೆಂದೂ ಗೊತ್ತಿತ್ತು. ಅತ್ತಿದ್ದರು, ಮುಖ ಒದ್ದೆಯಾಗಿತ್ತು.

"ಅಮ್ಮ, ನಾನು ಬೆಳಿಗ್ಗೆ ಬೇಡ ಅಂದಿದ್ದು..." ಎಂದು ನನ್ನ ಗಂಡ ಶುರು ಮಾಡಿದರು.

"ನೆನಪೈತೆ," ಎಂದರು ಅತ್ತೆ. "ಮಣ್ಣು ಮಾಡೋ ದಿನ ನಾನು ನಿಂಗೆ ಅಂದಿದ್ದೂ ನೆನಪೈತೆ. ಅಂದ್ಮೇಲೆ ದಿನಾ ಹೇಳ್ಬೇಕು ಹೇಳ್ಬೇಕು ಅಂತಿದ್ದೆ, ನೀನು ಎದುರಿಗೇ ನಿಲ್ತಿರ್ಲಿಲ್ಲ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ತಪ್ಪಾಯ್ತು ಕಣಪ್ಪ. ಹೆತ್ತೋಳ ಬಾಯಲ್ಲಿ ಬರಬಾರದ ಮಾತು ಬಂತು. ಅಂದಿದ್ದನ್ನೇ ಮರ್ತುಬಿಟ್ಟಿದ್ರೆ, ತಪ್ಪಾಯ್ತು ಅಂತ ನಿಂಗೆ ಹೇಳೋರು ಯಾರಿದ್ರು?"

ಅಷ್ಟು ಹೇಳಿ, ಆರಿದ ಆ ತಟ್ಟೆಯನ್ನು ಮಗನ ಮುಂದಕ್ಕೆ ತಳ್ಳಿದರು. ಸಾರು ಬಿಸಿ ಮಾಡುತ್ತೇನೆ ಎಂದು ನಾನೆದ್ದೆ. ಬೇಡ ಎಂದು ನನ್ನ ಗಂಡ ಅದನ್ನೇ ಕಲಸಿ ಉಣ್ಣತೊಡಗಿದರು, ತಾಯಿಯ ಎದುರಿಗೇ ಕೂತು.